ಎಡಮೂಲೆಯ ಕೊಡೆ

ಫೆಬ್ರವರಿ 2

ಗುಬ್ಬಿ,

ಫೋನು ಮಾಡದೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನು ಇರುವುದು ನಿನ್ನ ಅಣ್ಣನ ಕುರ್ಚಿಯ ಪಕ್ಕದಲ್ಲಿ. ನಾನು ಹಲೋ ಅನ್ನುವಷ್ಟರಲ್ಲಿ ಅವನ ಕೈಯ ಪತ್ರಿಕೆ ಕೆಳಗಿಳಿಯುತ್ತದೆ. ಈ ವಿಷಯವನ್ನು ನೀನು ನನ್ನ ಬಾಯಿಂದಲೇ ಪೂರ್ತಿ ಕೇಳಬೇಕು, ನಡುವೆ ಯಾರೂ ಕೆಮ್ಮಬಾರದು.

ಈ ವರ್ಷ ನೂಲಿನ ಗಿರಣಿಯ ಗುಂಪು ಫೋಟೋವನ್ನು ನಾನು ತೆಗೆಯುತ್ತೇನೆ.

ನಿನ್ನೆ ಗಿರಣಿಯ ಮ್ಯಾನೇಜರು ಸ್ಟುಡಿಯೋಗೆ ಬಂದಿದ್ದರು. ನಾನು ಡಾರ್ಕ್‌ರೂಮಿನ ಪರದೆಯ ಹಿಂದೆ ನಿಮ್ಮಪ್ಪನ ಪ್ರಿಂಟು ಹಾಕುವ ತಟ್ಟೆಗಳನ್ನು ತೊಳೆಯುತ್ತಿದ್ದೆ. ಅವರು ತೀರಿಹೋದ ಮೇಲೂ ವಾರಕ್ಕೊಮ್ಮೆ ತೊಳೆಯುತ್ತೇನೆ, ಧೂಳು ಕೂತರೆ ನನಗೆ ಸಹಿಸಲಾಗುವುದಿಲ್ಲ. ಹೊರಗೆ ಮ್ಯಾನೇಜರು, "ಯಜಮಾನರಂತೂ ಹೋದರು. ಸ್ಟುಡಿಯೋ ಮುಚ್ಚಿಬಿಟ್ರಾ ಹೇಗೆ? ಏಪ್ರಿಲ್‌ನಲ್ಲಿ ನಮ್ಮ ಫೋಟೋ ಆಗಬೇಕಲ್ಲ" ಎಂದು ಕೇಳುತ್ತಿದ್ದರು. ನಿನ್ನ ಅಣ್ಣ, "ಇಲ್ಲ ಸರ್, ಇನ್ಮೇಲೆ ನಾವು..." ಎಂದು ರಾಗ ಎಳೆದ. ನಾನು ಒದ್ದೆ ಕೈಯಲ್ಲೇ ಪರದೆ ಸರಿಸಿ ಹೊರಗೆ ಬಂದೆ.

"ತೆಗೀತೀವಿ ಸರ್. ಪ್ರತಿ ವರ್ಷದ ಹಾಗೇ ಬೆಳಿಗ್ಗೆ ಪಾಳಿ ಬದಲಾಗೋ ಹೊತ್ತಿಗೆ ಬರ್ತೀವಿ."

"ತೆಗೆಯೋರು ಯಾರಮ್ಮ?"

"ನಾನೇ."

ಮ್ಯಾನೇಜರು ಅಣ್ಣನ ಮುಖ ನೋಡಿದರು, ಅಣ್ಣ ಗೋಡೆ ನೋಡಿದ. ಅವರು ಹೋದ ಮೇಲೆ ಶುರುವಾಯಿತು ನೋಡು. "ಅಮ್ಮಾ, ನೀನು ಅಪ್ಪನ ಪಕ್ಕ ಕೊಡೆ ಹಿಡ್ಕೊಂಡು ನಿಂತಿದ್ದೆ, ಅಷ್ಟೇ. ಕೊಡೆ ಹಿಡಿಯೋದೂ ಫೋಟೋ ತೆಗೆಯೋದೂ ಒಂದೇನಾ?" ಆಮೇಲೆ ಗುಟ್ಟು ಬಾಯಿಬಿಟ್ಟ. ಸ್ಟುಡಿಯೋದ ಮುಂದಿನ ಕೋಣೆಯನ್ನು ಮೇ ತಿಂಗಳಿಂದ ಔಷಧಿ ಅಂಗಡಿಯವನಿಗೆ ಕೊಡುವುದಾಗಿ ಮಾತಾಡಿಬಿಟ್ಟಿದ್ದಾನಂತೆ. ನನ್ನನ್ನು ಒಂದು ಮಾತು ಕೇಳಿಲ್ಲ.

ನಾನೂ ಬಿಡಲಿಲ್ಲ. ಗಿರಣಿಯ ಫೋಟೋ ಸರಿಯಾಗಿ ಬಂದರೆ ಸ್ಟುಡಿಯೋ ಉಳಿಯಬೇಕು, ಕೆಟ್ಟರೆ ನಾನೇ ಬೀಗದ ಕೈ ಕೊಡುತ್ತೇನೆ ಎಂದೆ. ಕೆಡುತ್ತದೆ ಅನ್ನುವ ಧೈರ್ಯದಲ್ಲಿ ಒಪ್ಪಿಕೊಂಡಿದ್ದಾನೆ. ನಿನ್ನ ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು, ಏನೂ ಹೇಳಲಿಲ್ಲ. ಅವಳು ಯಾವತ್ತು ಏನು ಹೇಳಿದ್ದಾಳೆ?

ನಿನಗೆ ಹೇಗನ್ನಿಸುತ್ತದೆ, ಬರೆ.

ಅಮ್ಮ


ಫೆಬ್ರವರಿ 11

ಅಮ್ಮಾ,

ನಿನ್ನ ಕಾಗದವನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಓದಿದೆ. ಅಣ್ಣ ನಿನ್ನನ್ನು ಕೇಳದೆ ಮಾತು ಕೊಟ್ಟಿದ್ದು ತಪ್ಪು. ಅದನ್ನು ಅವನಿಗೆ ನಾನೇ ಹೇಳುತ್ತೇನೆ.

ಆದರೆ ಒಂದು ಮಾತು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ಗಿರಣಿಯ ಫೋಟೋ ಸುಲಭದ್ದಲ್ಲ. ಅಪ್ಪನೇ ಅದರ ಹಿಂದಿನ ದಿನ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಅಷ್ಟೊಂದು ಜನ, ಎದುರಿಗೆ ಸೂರ್ಯ. ಒಂದು ಸಲ ಕೆಟ್ಟರೆ ಎಲ್ಲರನ್ನೂ ಮತ್ತೆ ನಿಲ್ಲಿಸಲು ಆಗುವುದಿಲ್ಲ. ನಿನಗೆ ಮಂಡಿನೋವು ಬೇರೆ. ಅಪ್ಪನ ಜೊತೆ ನೀನು ಇದ್ದೆ ನಿಜ, ಆದರೆ ನೋಡಿದ್ದೇ ಬೇರೆ, ಮಾಡುವುದೇ ಬೇರೆ ಅಲ್ಲವಾ?

ಇಲ್ಲಿಗೆ ಬಂದುಬಿಡು. ನನ್ನ ಕೋಣೆ ಇಬ್ಬರಿಗೆ ಸಾಕು. ನಾನೂ ಒಂಥರಾ ಅಪ್ಪನ ಕೆಲಸವನ್ನೇ ಮಾಡುತ್ತಿದ್ದೇನೆ. ಅವರು ಮುಖ ತೆಗೆಯುತ್ತಿದ್ದರು, ನಾನು ಎಕ್ಸ್-ರೇಯಲ್ಲಿ ಮೂಳೆ ತೆಗೆಯುತ್ತೇನೆ. ಸದ್ಯ, ನನ್ನ ಗಿರಾಕಿಗಳಿಗೆ ನಗಿ ಎಂದು ಹೇಳಬೇಕಾಗಿಲ್ಲ.

ಯೋಚನೆ ಮಾಡು.

ನಿನ್ನ ಗುಬ್ಬಿ


ಫೆಬ್ರವರಿ 17

ಗುಬ್ಬಿ,

ಕಾಗದ ತಲುಪಿತು. ನಿನ್ನ ಅಣ್ಣ ಬಾಯಲ್ಲಿ ಹೇಳಿದ್ದನ್ನೇ ನೀನು ದುಂಡಗಿನ ಅಕ್ಷರದಲ್ಲಿ ಬರೆದಿದ್ದೀಯ. ಅಕ್ಷರ ಚೆನ್ನಾಗಿದೆ.

ನನ್ನ ಮಂಡಿ ನನ್ನದು, ಅದು ಎಲ್ಲಿ ನಿಲ್ಲಬೇಕು ಎಂದು ನಾನು ನೋಡಿಕೊಳ್ಳುತ್ತೇನೆ.

ಕೊಡೆ ಹಿಡಿದವಳು


ಮಾರ್ಚ್ 8

ಅಮ್ಮಾ,

ಮೂರು ವಾರ ಆಯಿತು. ನೀನು ಬರೆಯುವುದಿಲ್ಲ, ಫೋನು ಮಾಡಿದರೆ ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾನೆ ಅಣ್ಣ. ಯಾವ ಹೊತ್ತಿಗೆ ಮಾಡಿದರೂ ನೀನು ಸ್ನಾನದಲ್ಲೇ ಇರುತ್ತೀಯ. ಅರ್ಥವಾಯಿತು.

ಮೊನ್ನೆ ಇಲ್ಲೊಂದು ಫಜೀತಿಯಾಯಿತು. ಯಾರೋ ನಮ್ಮ ಕತ್ತಲೆ ಕೋಣೆಯ ಬಾಗಿಲನ್ನು ಸರಿಯಾಗಿ ಹಾಕದೆ ಹೋಗಿದ್ದರು. ಕೂದಲೆಳೆಯಷ್ಟು ಸಂದು. ಅಲ್ಲಿಂದ ನುಗ್ಗಿದ ಬೆಳಕಿಗೆ ಫಿಲ್ಮು ಪೂರ್ತಿ ಬೂದಿ ಬಳಿದ ಹಾಗಾಯಿತು. ಒಬ್ಬ ಮುದುಕರ ಸೊಂಟದ ಚಿತ್ರ ಅದು. ಅವರನ್ನು ಮತ್ತೆ ಮೇಜಿನ ಮೇಲೆ ಮಲಗಿಸಬೇಕಾಯಿತು, ಪಾಪ, ಹಲ್ಲು ಕಚ್ಚಿಕೊಂಡು ಮಲಗಿದರು. ಆಗ ಹೊಳೆಯಿತು. ಬೇಡದ ಬೆಳಕನ್ನು ಹೊರಗಿಡುವುದೇ ನನ್ನ ಕೆಲಸದಲ್ಲಿ ಅರ್ಧ. ಅದನ್ನು ನಾನು ಅಪ್ಪನಿಂದ ಕಲಿತೆ ಎಂದುಕೊಂಡಿದ್ದೆ. ಬಾಗಿಲು, ಕಿಟಕಿ, ಪರದೆ ಎಲ್ಲ ಮುಚ್ಚಿ, ಸಂದುಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದವಳು ನೀನು.

ನಾನು ಬರೆದದ್ದು ಸರಿಯಲ್ಲ. ಕೊಡೆ ಎಲ್ಲಿ ಹಿಡಿಯಬೇಕು ಎಂದು ನಿನಗೆ ಹೇಗೆ ಗೊತ್ತಾಗುತ್ತಿತ್ತು? ಇದನ್ನು ನಾನು ಯಾವತ್ತೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ಗುಬ್ಬಿ


ಮಾರ್ಚ್ 20

ಗುಬ್ಬಿ,

ಸ್ನಾನ ಮುಗಿಯಿತು. ಈಗ ಬರೆಯುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಕೊಡೆ ಹಿಡಿಯುವವಳು ಜನರನ್ನು ನೋಡಬಾರದು, ಸೂರ್ಯನನ್ನೂ ನೋಡಬಾರದು. ಲೆನ್ಸಿನ ಗಾಜನ್ನು ನೋಡಬೇಕು. ಬಿಸಿಲು ತಗುಲಿದರೆ ಗಾಜಿನ ಅಂಚಿನಲ್ಲಿ ಒಂದು ಬಿಳಿ ಮಿಂಚು ಕೂರುತ್ತದೆ. ಕೊಡೆಯನ್ನು ಮೆಲ್ಲಗೆ ಸರಿಸುತ್ತ ಬಂದರೆ ನೆರಳು ಗಾಜಿನ ಮೇಲೆ ಹತ್ತುತ್ತದೆ, ಆ ಮಿಂಚು ಆರಿಹೋಗುತ್ತದೆ. ಅಲ್ಲೇ ನಿಲ್ಲಬೇಕು. ಒಂದು ಬೆರಳು ಆಚೆ ಹೋದರೆ ಬಿಸಿಲು ಒಳಗೆ, ಒಂದು ಬೆರಳು ಈಚೆ ಬಂದರೆ ಕೊಡೆಯೇ ಚಿತ್ರದ ಒಳಗೆ. ಅಷ್ಟು ವರ್ಷದ ಗುಂಪು ಫೋಟೋಗಳಲ್ಲಿ ಒಂದರಲ್ಲೂ ನಾನು ಜನರ ಮುಖ ನೇರವಾಗಿ ನೋಡಿಲ್ಲ. ಗಾಜಿನಲ್ಲಿ ಕಾಣುವ ಸಾಸಿವೆಯಂಥ ಮುಖಗಳನ್ನೇ ನೋಡಿದ್ದು. ಗಿರಣಿಯ ಹೆಂಗಸರೆಲ್ಲ ನನಗೆ ಪರಿಚಯ ಆ ಗಾತ್ರದಲ್ಲೇ.

ಇನ್ನು ನನ್ನ ಘನಕಾರ್ಯ ಕೇಳು. ಗಿರಣಿಗೆ ಮೊದಲು ಕೈ ಪಳಗಲಿ ಎಂದು ಅಗ್ನಿಶಾಮಕ ಠಾಣೆಯವರ ಫೋಟೋ ಒಪ್ಪಿಕೊಂಡೆ. ಅವರಿಗೆ ಹೊಸ ಗಾಡಿ ಬಂದಿದೆ, ಅದರ ಮುಂದೆ ಎಲ್ಲರೂ ನಿಲ್ಲಬೇಕಂತೆ. ಸ್ಟ್ಯಾಂಡು ಇಟ್ಟೆ, ದೂರ ಸರಿಮಾಡಿದೆ, ಬೆಳಕು ಅಳೆದೆ, ಎಲ್ಲವೂ ನಿಮ್ಮಪ್ಪ ಮಾಡಿದ ಹಾಗೇ. ಫಿಲ್ಮು ತೊಳೆದು ಪ್ರಿಂಟು ಹಾಕಿ ನೋಡುತ್ತೇನೆ, ಒಂದೂ ನೆಟ್ಟಗಿಲ್ಲ. ಕರಿ ಬೂಟುಗಳೆಲ್ಲ ಬೂದಿ ಬಣ್ಣ. ಗಾಡಿಯ ಮೇಲೆ ಹಾಲು ಚೆಲ್ಲಿದ ಹಾಗೆ. ಠಾಣೆಯ ಹಿರಿಯರ ಮುಖದ ಮೇಲೆ ಸಾಲಾಗಿ ದುಂಡು ದುಂಡು ಬಿಳಿ ಚುಕ್ಕೆ.

ಡಾರ್ಕ್‌ರೂಮಿನ ಸ್ಟೂಲಿನ ಮೇಲೆ ಕೂತು ನನ್ನ ತಲೆಗೆ ನಾನೇ ಹೊಡೆದುಕೊಂಡೆ. ಏನಾಗಿತ್ತು ಗೊತ್ತಾ? ನಾನು ನಿಮ್ಮಪ್ಪನ ಜಾಗದಲ್ಲಿ ನಿಂತಿದ್ದೆ. ನನ್ನ ಜಾಗದಲ್ಲಿ ಯಾರೂ ಇರಲಿಲ್ಲ. ಅದು ಖಾಲಿ ಎಂದು ನನಗೆ ಹೊಳೆಯಲೇ ಇಲ್ಲ. ಕೊಡೆ ಮನೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಜನ್ಮವೆಲ್ಲ ಬಿಸಿಲಿಗೆ ಅಡ್ಡ ನಿಂತವಳು ಕ್ಯಾಮೆರಾ ಕೈಗೆ ಬಂದ ಕೂಡಲೇ ಬಿಸಿಲನ್ನೇ ಮರೆತೆ.

ನಿನ್ನ ಅಣ್ಣ ನಗಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. "ಹೋಗಲಿ ಬಿಡಮ್ಮ" ಎಂದು ಬೆನ್ನು ತಟ್ಟಿದ. ನಿನ್ನ ಅತ್ತಿಗೆ ಮಾತ್ರ ಆ ಚುಕ್ಕೆಗಳನ್ನು ನೋಡಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅವಳ ನಗುವನ್ನು ಕ್ಷಮಿಸಬಹುದು, ಅವನು ಬೆನ್ನು ತಟ್ಟಿದ್ದನ್ನು ಕ್ಷಮಿಸಲಾಗದು.

ಮಾರನೆಯ ದಿನ ಠಾಣೆಗೆ ಹೋಗಿ, "ಫೋಟೋ ಕೆಟ್ಟಿದೆ, ನನ್ನ ತಪ್ಪು, ಮತ್ತೆ ನಿಲ್ಲಿ" ಎಂದೆ. ನಿಂತರು. ಹೊಸದಾಗಿ ಸೇರಿದ ಒಬ್ಬ ಸಿಬ್ಬಂದಿಯ ಕೈಗೆ ಕೊಡೆ ಕೊಟ್ಟು ಎಲ್ಲಿ ಹಿಡಿಯಬೇಕೆಂದು ತೋರಿಸಿದೆ. ಪಾಪ, ಅವನೊಬ್ಬ ಆ ಫೋಟೋದಲ್ಲಿ ಇಲ್ಲ. ಉಳಿದವರೆಲ್ಲ ಬೂಟಿನ ಹೊಲಿಗೆ ಕಾಣುವಷ್ಟು ಸ್ಪಷ್ಟವಾಗಿ ಬಂದಿದ್ದಾರೆ.

ಸ್ಟುಡಿಯೋ ಬಿಡುವುದಿಲ್ಲ.

ಅಮ್ಮ


ಮಾರ್ಚ್ 28

ಅಮ್ಮಾ,

ಈ ಕಾಗದದ ಜೊತೆ ಒಂದು ಸಣ್ಣ ಪೊಟ್ಟಣ ಬರುತ್ತದೆ. ಲೆನ್ಸಿನ ಮುಂದೆ ಸಿಕ್ಕಿಸುವ ಕಪ್ಪು ಬಳೆ. ಕ್ಯಾಮೆರಾ ಅಂಗಡಿಯವನು, "ಇದಿದ್ರೆ ಕೊಡೆ ಯಾಕೆ ಮೇಡಂ?" ಎಂದ. ಹಾಕಿ ನೋಡು. ಸರಿಹೋದರೆ ಗಿರಣಿಯಲ್ಲಿ ಯಾರನ್ನೂ ಕಾಯಬೇಕಾಗಿಲ್ಲ.

ಠಾಣೆಯವರ ಕಥೆ ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಿನ್ನ ಜಾಗ ಖಾಲಿಯಿತ್ತು ಎಂದು ಬರೆದಿದ್ದೀಯಲ್ಲ, ಅದನ್ನು ಎರಡು ಸಲ ಓದಿದೆ.

ಅಣ್ಣನಿಗೆ ಫೋನು ಮಾಡಿ ಜಗಳ ಆಡಿದೆ. "ನೀನು ದೂರ ಕೂತು ಮಾತಾಡ್ತೀಯ. ಅವಳು ಬಿದ್ದರೆ ಎತ್ತೋನು ನಾನು" ಅಂದ. ಫೋನಿಟ್ಟ ಮೇಲೆ ಹೊಳೆಯಿತು. ಅವಳು ಬೀಳಲಿ ಎಂದು ಯಾಕೆ ಕಾಯುತ್ತಿದ್ದೀಯ ಎಂದು ಕೇಳಬೇಕಿತ್ತು.

ಗುಬ್ಬಿ


ಏಪ್ರಿಲ್ 6

ಗುಬ್ಬಿ,

ಬಳೆ ಚೆನ್ನಾಗಿದೆ. ಬಳೆಯ ಕೈಲಿ ಆಗುವಷ್ಟು ಕೆಲಸ ಮಾಡುತ್ತದೆ. ಆದರೆ ಗಿರಣಿಯ ಅಂಗಳದ ಸೂರ್ಯ ಅದಕ್ಕೆ ಬಗ್ಗುವವನಲ್ಲ. ಮೊನ್ನೆ ಪಾಳಿ ಬದಲಾಗುವ ಹೊತ್ತಿಗೆ ಹೋಗಿ ನೋಡಿಬಂದೆ. ಮ್ಯಾನೇಜರಿಗೆ ಹಿಂದುಗಡೆ ದೊಡ್ಡ ಬಾಗಿಲೂ ಅದರ ಮೇಲಿನ ಹೆಸರಿನ ಹಲಗೆಯೂ ಕಾಣಬೇಕು. ಹಾಗಾಗಿ ಕ್ಯಾಮೆರಾ ಬಾಗಿಲ ಕಡೆಗೇ ತಿರುಗಬೇಕು. ಸೂರ್ಯ ಬಾಗಿಲ ಎಡಗಡೆಯಿಂದಲೇ ಇಣುಕುತ್ತಾನೆ, ಅಷ್ಟು ಕೆಳಗೆ. ಬಳೆಯೊಳಗೆ ನೇರ ನುಗ್ಗುತ್ತಾನೆ. ಜನರ ಮುಖಕ್ಕೇನೂ ತೊಂದರೆಯಿಲ್ಲ, ಎದುರಿನ ಗೋದಾಮಿನ ಬಿಳಿ ಗೋಡೆ ಅವರ ಮೇಲೆ ಬೆಳಕು ಚೆಲ್ಲುತ್ತದೆ. ಆ ಜಾಗ ಹುಡುಕಿದ್ದು ನಿಮ್ಮಪ್ಪನ ಜಾಣತನ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಬೇಕಾಗಿರುವುದು ಕೊಡೆ, ಅದನ್ನು ಹಿಡಿದು ಅಲುಗಾಡದೆ ನಿಲ್ಲುವ ಒಬ್ಬ ಮನುಷ್ಯ. ಗಿರಣಿಯವರನ್ನು ಕೇಳುವ ಹಾಗಿಲ್ಲ. ಅವರು ಫೋಟೋದಲ್ಲಿರಬೇಕಾದವರು. ಠಾಣೆಯ ಹುಡುಗನಿಗೆ ಮಾಡಿದ ಅನ್ಯಾಯವನ್ನು ಮತ್ತೊಬ್ಬರಿಗೆ ಮಾಡಲಾರೆ.

ನಿನ್ನ ಅಣ್ಣನನ್ನು ಕೇಳಿದೆ. ಹೌದು, ನಾನೇ ಬಾಯಿಬಿಟ್ಟು ಕೇಳಿದೆ. "ಇಡೀ ಗಿರಣಿ ಎದುರಿಗೆ ನಾನು ಕೊಡೆ ಹಿಡ್ಕೊಂಡು ನಿಲ್ಲಬೇಕಾ? ನನಗೂ ಮರ್ಯಾದೆ ಇದೆಯಮ್ಮ" ಎಂದ.

"ಅಷ್ಟು ವರ್ಷ ನಾನು ನಿಂತೆನಲ್ಲ, ಆಗ ಈ ಮರ್ಯಾದೆ ಎಲ್ಲಿಗೆ ಹೋಗಿತ್ತು?" ಎಂದೆ.

ಅವನು ಊಟದ ತಟ್ಟೆ ಬಿಟ್ಟು ಎದ್ದುಹೋದ. ನಾನು ಮತ್ತೆ ಬಡಿಸಿಕೊಂಡು ತಿಂದೆ. ಕೋಪಕ್ಕೆ ಹಸಿವು ಜಾಸ್ತಿ ನನಗೆ.

ಸಿಟ್ಟಿನಲ್ಲಿ ಡಾರ್ಕ್‌ರೂಮಿಗೆ ಹೋಗಿ ಹಳೆಯ ಗಿರಣಿ ಫೋಟೋಗಳ ನೆಗೆಟಿವ್‌ಗಳನ್ನು ದೀಪಕ್ಕೆ ಹಿಡಿದು ನೋಡಿದೆ, ನಿಮ್ಮಪ್ಪ ಎಷ್ಟು ದೂರದಲ್ಲಿ ನಿಲ್ಲುತ್ತಿದ್ದರು ಎಂದು ತಿಳಿಯಲು. ಬಹಳಷ್ಟರಲ್ಲಿ ಎಡಮೂಲೆಯಲ್ಲಿ ಏನೋ ಬಾಗಿದ ಅಂಚು. ನನ್ನ ಕೊಡೆ. ಒಂದರಲ್ಲಿ ನನ್ನ ಬೆರಳುಗಳೂ ಇವೆ. ನಿಮ್ಮಪ್ಪ ಪಕ್ಕದಲ್ಲಿ ಜಾಗ ಬಿಟ್ಟೇ ತೆಗೆಯುತ್ತಿದ್ದರು, ಪ್ರಿಂಟು ಹಾಕುವಾಗ ಆ ಪಟ್ಟಿಯನ್ನು ಕತ್ತರಿಸಿಬಿಡುತ್ತಿದ್ದರು. ನಾನೇ ಆ ಚೂರುಗಳನ್ನು ಗುಡಿಸಿ ಕಸಕ್ಕೆ ಹಾಕಿದ್ದೇನೆ. ಅದರಲ್ಲಿ ಏನಿದೆ ಎಂದು ಬಗ್ಗಿ ನೋಡಿರಲಿಲ್ಲ. ನಿಮ್ಮಪ್ಪನ ಮೇಲೆ ಕೋಪ ಬಂತು. ಅವರಿದ್ದಿದ್ದರೆ ಅವತ್ತು ಅವರಿಗೆ ಕಾಫಿ ಸಿಗುತ್ತಿರಲಿಲ್ಲ.

ಫೋಟೋ ಹತ್ತೊಂಬತ್ತನೇ ತಾರೀಖು. ನಿನ್ನನ್ನು ಬಾ ಎಂದು ನಾನು ಕರೆಯುತ್ತಿಲ್ಲ. ಇದನ್ನು ಕರೆದ ಹಾಗೆ ಓದಬೇಡ.

ಅಮ್ಮ


ಏಪ್ರಿಲ್ 10

ಅಮ್ಮಾ,

ಕರೆದ ಹಾಗೆ ಓದಿದೆ.

ರಜೆ ಕೇಳಿದೆ. ಮೇಲಿನವರು ಇಲ್ಲ ಎಂದರು, ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ. ಮತ್ತೆ ಕೇಳಿದೆ. "ಹೋದರೆ ಹಾಗೇ ಹೋಗಿ, ವಾಪಸ್ ಬರೋದು ಬೇಡ" ಎಂದರು. ಸರಿ ಎಂದು ಅವರ ಕೋಣೆಯಿಂದ ಹೊರಗೆ ಬಂದೆ. ಹದಿನೆಂಟರ ಸಂಜೆಗೆ ಅಲ್ಲಿರುತ್ತೇನೆ. ಕೊಡೆಯನ್ನು ಮೊಳೆಯಿಂದ ಇಳಿಸಿ ಇಡು.

ಗುಬ್ಬಿ


ಏಪ್ರಿಲ್ 13

ಗುಬ್ಬಿ,

ಬರಬೇಡ. ಈ ಕಾಗದ ಬೇಗ ತಲುಪಲಿ ಎಂದು ಎಕ್ಸ್‌ಪ್ರೆಸ್ ಟಪಾಲಿಗೆ ಹಾಕುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನೀನು ಅತ್ತರೆ ನಾನು ಕರಗಿ ಬಾ ಎಂದುಬಿಡುತ್ತೇನೆ. ಕಾಗದಕ್ಕೆ ಆ ಚಿಂತೆ ಇಲ್ಲ. ನನ್ನ ಜಾಗ ಉಳಿಸಿಕೊಳ್ಳಲು ನಿನ್ನ ಜಾಗ ಕಳೆಯುವುದಿಲ್ಲ. ಇದು ಕೈಸೇರಿದ ಕೂಡಲೇ ಹೋಗಿ ನಿನ್ನ ಮೇಲಿನವರ ಎದುರು ನಿಂತು, ನನ್ನ ಕೆಲಸ ನಾನು ಬಿಡುವುದಿಲ್ಲ ಎಂದು ಹೇಳು. ತಲೆ ತಗ್ಗಿಸಿ ಹೇಳಬೇಡ.

ಕೊಡೆಗೆ ಜನ ಸಿಕ್ಕಿದೆ. ಯಾರು ಎಂದು ಈಗ ಹೇಳುವುದಿಲ್ಲ. ಹೇಳಿದರೆ ನೀನು ನಂಬುವುದಿಲ್ಲ.

ಅಮ್ಮ


ಏಪ್ರಿಲ್ 16

ಅಮ್ಮಾ,

ನಿಂತೆ, ಹೇಳಿದೆ. ತಲೆ ತಗ್ಗಿಸಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, "ಸರಿ, ಕೆಲಸ ನೋಡಿ ಹೋಗಿ" ಎಂದರು.

ಯಾರು ಅದು? ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಫೋಟೋ ಬಂದ ದಿನವೇ ಬರೆ.

ಗುಬ್ಬಿ


ಮೇ 1

ಗುಬ್ಬಿ,

ತಡವಾಯಿತು. ಯಾಕೆಂದು ಕೇಳು.

ಫೋಟೋ ದಿನ ಬೆಳಿಗ್ಗೆ ನಾನು ಸ್ಟ್ಯಾಂಡು ಎತ್ತಿಕೊಂಡೆ. ನಿನ್ನ ಅತ್ತಿಗೆ ಮೊಳೆಯಿಂದ ಕೊಡೆ ತೆಗೆದುಕೊಂಡಳು. ನಿನ್ನ ಅಣ್ಣ ಹಲ್ಲುಜ್ಜುತ್ತಿದ್ದವನು ಬಾಯಿ ತುಂಬ ನೊರೆ ಇಟ್ಟುಕೊಂಡು, "ನೀನೆಲ್ಲಿಗೆ?" ಎಂದ. "ಅತ್ತೆ ಜೊತೆಗೆ" ಎಂದಳು. "ನಾನು ಬೇಡ ಅಂದ್ರೆ?" ಎಂದ. "ತಿಂಡಿ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿದಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವನ ಎದುರು ಅವಳು ಆಡಿದ ಅತಿ ಉದ್ದದ ಮಾತು ಅದು.

ವಾರವೆಲ್ಲ ಅಡುಗೆಮನೆಯ ಕಿಟಕಿ ಬಿಸಿಲಲ್ಲಿ ಅವಳಿಗೆ ಕಲಿಸಿದ್ದೆ. ಅವಳೇ ಬಂದು ಕೇಳಿದ್ದು, "ಆ ಚುಕ್ಕೆ ಹೇಗೆ ಹೋಗುತ್ತೆ, ನನಗೂ ತೋರಿಸಿ" ಅಂತ. ಮೊದಲ ದಿನವೇ ಗುಟ್ಟು ಹಿಡಿದಳು, ಉಳಿದದ್ದು ಅಭ್ಯಾಸ. ಗಾಜಿನಿಂದ ಕಣ್ಣು ತೆಗೆಯುವುದಿಲ್ಲ.

ಅಂಗಳದಲ್ಲಿ ಬೆಂಚುಗಳ ಮೇಲೆ, ಕೆಳಗೆ, ಎಲ್ಲ ಕಡೆ ಜನ. ಹೋಗುವ ಪಾಳಿಯವರು ಆಕಳಿಸುತ್ತಿದ್ದಾರೆ, ಬರುವ ಪಾಳಿಯವರು ತಲೆ ಬಾಚಿಕೊಳ್ಳುತ್ತಿದ್ದಾರೆ. ಯಾರೋ, "ಇದೇನು, ಅತ್ತೆ ಸೊಸೆ ನಾಟಕಾನಾ?" ಎಂದ. ನೂಲುವ ವಿಭಾಗದ ಹಿರಿಯಳು, ಅವಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ, "ಬಾಯಿ ಮುಚ್ಚಿ ನಿಂತ್ಕೋ, ಇಲ್ಲಾಂದ್ರೆ ಆ ಬಾಯೇ ಫೋಟೋದಲ್ಲಿ ಬರುತ್ತೆ" ಎಂದಳು. ಎಲ್ಲರೂ ನಕ್ಕರು. ಆ ನಗು ಇಳಿಯುವ ಮೊದಲೇ ಒತ್ತಿದೆ.

ಫಿಲ್ಮು ತೊಳೆದು ನೋಡಿದೆ. ಒಬ್ಬೊಬ್ಬರ ಕಣ್ಣೂ ಕಾಣುತ್ತದೆ. ಮಂಜಿಲ್ಲ, ಚುಕ್ಕೆ ಇಲ್ಲ. ಆದರೆ ಮೇಲಿನ ಎಡಮೂಲೆಯಲ್ಲಿ ಕೊಡೆಯ ಅಂಚು ಒಳಗೆ ಬಂದಿದೆ, ಅದನ್ನು ಹಿಡಿದ ನಾಲ್ಕು ಬೆರಳೂ. ನಿಮ್ಮಪ್ಪನ ಹಾಗೆ ನಾನು ಪಕ್ಕದಲ್ಲಿ ಜಾಗ ಬಿಟ್ಟಿರಲಿಲ್ಲ. ಆ ಅಂಚಿಗೆ ತಾಗಿದ ಹಾಗೇ, ಮೇಲಿನ ಸಾಲಿನ ತುದಿಯಲ್ಲಿ ಇಬ್ಬರು ಹೆಂಗಸರು ನಿಂತಿದ್ದಾರೆ.

ಮ್ಯಾನೇಜರು ಬಂದು ನೋಡಿ, "ಎಲ್ಲ ಚೆನ್ನಾಗಿದೆ, ಆ ಕರಿ ಮೂಲೆ ಒಂದು ಕತ್ತರಿಸಿಬಿಡಿ" ಎಂದರು. ನಿನ್ನ ಅಣ್ಣ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

"ಪಕ್ಕದಿಂದ ಕತ್ತರಿಸಿದ್ರೆ ಈ ಇಬ್ಬರು ಹೋಗ್ತಾರೆ ಸರ್."

"ಇಬ್ಬರು ತಾನೇ? ಹೊಸಬರು ಅವರು. ಹೋಗಲಿ."

"ಹೋಗಲ್ಲ. ಬೇಕಾದ್ರೆ ಮೇಲಿನಿಂದ ಕತ್ತರಿಸ್ತೀನಿ. ನಿಮ್ಮ ಗಿರಣಿಯ ಹೆಸರಿನ ಹಲಗೆ ಹೋಗುತ್ತೆ. ಕತ್ತರಿಸಲಾ?"

ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದೆ. ಅವರು ಫೋಟೋ ತೆಗೆದುಕೊಳ್ಳದೆ ಹೊರಟುಹೋದರು. ನಿನ್ನ ಅಣ್ಣ, "ಹಾಗಾದ್ರೆ ಸರಿಯಾಗಿ ಬಂದಿಲ್ಲ ಅಂತಾಯ್ತು" ಎಂದು ಕೈ ಚಾಚಿದ. ಬೀಗದ ಕೈಗೆ. ಕೊಡಲಿಲ್ಲ. ಅದರಲ್ಲಿ ನಿಂತವರು ನೋಡಿ ಹೇಳಲಿ, ಫೋಟೋ ಅವರದು ಎಂದೆ. ಮೂಲೆ ಸಮೇತ ದೊಡ್ಡದಾಗಿ ಪ್ರಿಂಟು ಹಾಕಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಇಟ್ಟೆ.

ಪಾಳಿ ಮುಗಿಸಿ ಹೋಗುವವರು ನಿಂತು ನೋಡತೊಡಗಿದರು. ತಮ್ಮ ಮುಖ ಹುಡುಕಿ, ಪಕ್ಕದವಳ ಮುಖ ಹುಡುಕಿ, ಕೊನೆಗೆ ಎಲ್ಲರೂ ಮೂಲೆಗೆ ಬರುತ್ತಿದ್ದರು. "ಇದು ಯಾರ ಕೈ?" ಎಂದು ಕೇಳುತ್ತಿದ್ದರು. ಒಂದು ದಿನ ದೊಡ್ಡಕ್ಕ ಆ ಇಬ್ಬರು ಹೊಸಬರನ್ನೂ ಕರೆದುಕೊಂಡು ಒಳಗೆ ಬಂದಳು. "ಎಲ್ಲರಿಗೂ ಒಂದೊಂದು ಬೇಕು. ಏನೂ ಕತ್ತರಿಸಬಾರದು. ಮ್ಯಾನೇಜರಿಗೂ ಇದನ್ನೇ ಕೊಡಿ, ಕ್ಯಾಂಟೀನಿನ ಗೋಡೆಗೆ ನಾವೇ ಮೊಳೆ ಹೊಡೀತೀವಿ" ಎಂದಳು. ಹೊಡೆದೂ ಆಯಿತು. ಮ್ಯಾನೇಜರು ಈಗ ಅದರ ಕೆಳಗೆ ಕೂತೇ ಚಹಾ ಕುಡಿಯುತ್ತಾರಂತೆ.

ನಿನ್ನೆ ಔಷಧಿ ಅಂಗಡಿಯವನು ಕೋಣೆ ಅಳೆಯಲು ಟೇಪು ಹಿಡಿದು ಬಂದ. ನಿನ್ನ ಅಣ್ಣ ಬಾಗಿಲಲ್ಲೇ ನಿಲ್ಲಿಸಿ, "ಇಲ್ಲ, ಇಲ್ಲಿ ಸ್ಟುಡಿಯೋ ಇದೆ" ಎಂದ. ನನ್ನ ಕಡೆ ತಿರುಗಲಿಲ್ಲ. ನಾನೂ ಒಳಗೆ ತಟ್ಟೆ ತೊಳೆಯುತ್ತಲೇ ಇದ್ದೆ.

ನಿಮ್ಮಪ್ಪನ ನೆಗೆಟಿವ್‌ಗಳನ್ನೂ ಒಂದೊಂದಾಗಿ ಮತ್ತೆ ಪ್ರಿಂಟು ಹಾಕುತ್ತಿದ್ದೇನೆ, ಪೂರ್ತಿಯಾಗಿ, ಅಂಚಿನವರೆಗೆ. ಮುಗಿದ ಮೇಲೆ ಕಳಿಸುತ್ತೇನೆ. ಈಗ ಈ ವರ್ಷದ ಇದೊಂದನ್ನು ಇಟ್ಟುಕೋ. ನಿನ್ನ ಕೋಣೆಯ ಗೋಡೆಗೆ ಹಾಕು. ಯಾರಾದರೂ ಬಂದು ಆ ಮೂಲೆಯಲ್ಲೇನು ಕರಿ ಕಲೆ ಎಂದರೆ, ಕಲೆಯಲ್ಲ, ನಮ್ಮ ಅತ್ತಿಗೆ ಎಂದು ಹೇಳು.

ನಿನ್ನ ಅಮ್ಮ,
ಫೋಟೋಗ್ರಾಫರ್